ಬೀಗ ಹಾಕಿದ ಗಿಡ

ಕೆಲವರಿಗೆ ಕೋಪ ಬರಬೇಕಾದರೆ ಕಾರಣ ಬೇಕು. ಇನ್ನು ಕೆಲವರು ಕೋಪವನ್ನು ಬೆಳಿಗ್ಗೆಯೇ ಸಿದ್ಧಮಾಡಿಟ್ಟುಕೊಂಡು, ಕಾರಣ ಬರಲಿ ಎಂದು ಬಾಗಿಲು ತೆರೆದು ಕೂತಿರುತ್ತಾರೆ. ಬೀಗದಣ್ಣ ಈ ಎರಡನೆಯ ಗುಂಪಿನವನು. ಹಾಲು ನೀರಾಗಿದ್ದರೆ ಹಾಲಿನವನ ಮೇಲೆ ಸಿಟ್ಟು. ಗಟ್ಟಿಯಾಗಿದ್ದರೆ, ನಿನ್ನೆ ಯಾಕೆ ಹೀಗಿರಲಿಲ್ಲ ಎಂದು ಅದೇ ಹಾಲಿನವನ ಮೇಲೆ ಸಿಟ್ಟು. ಆದರೆ ಅವನ ಕೈಕೆಲಸದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಪೇಟೆಯ ಮೂಲೆಯಲ್ಲಿ, ಗಿರಾಕಿ ಒಳಗೆ ಬಂದರೆ ಯಜಮಾನ ಹೊರಗೆ ಹೋಗಬೇಕಾದಷ್ಟು ಇಕ್ಕಟ್ಟಾದ ಅಂಗಡಿ ಅವನದು. ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಬೀಗದಕೈಗಳು ನೇತಾಡುತ್ತಿದ್ದವು. ಬಾಗಿಲ ಮೇಲೆ ಅವನೇ ಕುಂಚ ಹಿಡಿದು ಬರೆದ ಬೋರ್ಡು: ‘ನಾವು ಹಾಕಿದ ಬೀಗ ನಾವೇ ತೆಗೆಯಬೇಕು.’

ಈ ಬೋರ್ಡನ್ನು ನಂಬಿಯೇ ಊರಾಚೆ ಕಟ್ಟುತ್ತಿದ್ದ ಹೊಸ ಆಸ್ಪತ್ರೆಯ ಕಂಟ್ರಾಕ್ಟರು, ಅಲ್ಲಿನ ಎಲ್ಲ ಬಾಗಿಲುಗಳಿಗೂ ಬೀಗ ಹಾಕುವ ಕೆಲಸ ನಿನಗೇ ಎಂದು ಬಾಯಿಮಾತಿನಲ್ಲಿ ಒಪ್ಪಿದ್ದರು. ಅಷ್ಟು ದೊಡ್ಡ ಕೆಲಸ ಬೀಗದಣ್ಣನ ಕೈಗೆ ಹಿಂದೆಂದೂ ಬಂದಿರಲಿಲ್ಲ. ಬಾಯಿಮಾತು ಬಾಯಿಯಿಂದಲೇ ಹಾರಿಹೋಗಬಹುದೆಂಬ ಭಯಕ್ಕೆ ಅವನು ದಿನಕ್ಕೊಂದು ಸಲ ಕಂಟ್ರಾಕ್ಟರ ಎದುರಿಗೆ ಸುಮ್ಮನೆ ಹಾದುಹೋಗುತ್ತಿದ್ದ.

ಅವನಿಗೆ ಇನ್ನೊಂದು ಆಸೆಯೂ ಇತ್ತು. ಜೀವಮಾನವೆಲ್ಲ ಪರರ ಬೀಗದಕೈಗೆ ನಕಲು ಕೊರೆದವನು. ತನ್ನದೂ ಅಂತ ಒಂದು ವಸ್ತು ಇರಬೇಕು, ಅದಕ್ಕೆ ಈ ಊರಿನಲ್ಲಿ ನಕಲು ಇರಬಾರದು. ಈ ಆಸೆಯನ್ನು ಮುಖದ ಮೇಲೆಯೇ ಓದಿದವನಂತೆ ಒಂದು ದಿನ ಗಿಡ ಮಾರುವ ಗಾಡಿಯವನು ಮನೆಯ ಮುಂದೆ ನಿಂತ.

"ಅಣ್ಣಾ, ಇಂಥ ಗಿಡ ಈ ಊರಲ್ಲಿ ಇನ್ನೊಂದಿದ್ರೆ ಈ ಗಾಡೀನೇ ನಿಮಗೆ ಬಿಟ್ಟು ಹೋಗ್ತೀನಿ."

"ಏನಪ್ಪಾ ಇದರ ಹೆಸರು?"

"ಹೆಸರು ಇಡೋದು ಹತ್ತಾರು ಇರೋ ಗಿಡಕ್ಕಣ್ಣ. ಒಂದೇ ಒಂದು ಇರೋದಕ್ಕೆ ಹೆಸರ್ಯಾಕೆ?"

ಈ ಮಾತಿಗೆ ಬೀಗದಣ್ಣ ಕರಗಿ ನೀರಾದ. ಗಿಡವನ್ನು ಕಾಂಪೌಂಡ್ ಗೋಡೆಯ ಪಕ್ಕ ನೆಟ್ಟ. ಅದು ಸೊಂಟದೆತ್ತರ ಪೊದೆಯಾಗಿ, ಗೊಂಚಲು ಗೊಂಚಲು ಕೆಂಪು ಹೂ ಬಿಟ್ಟಿತು. ಹೂ ಉದುರಿದ ಮೇಲೆ ಕಪ್ಪು ಹಣ್ಣುಗಳಾದವು, ಹಕ್ಕಿಗಳು ಮುತ್ತಿಕೊಂಡು ತಿಂದವು. "ನೋಡಿದ್ರಾ, ಹಕ್ಕಿಗಳಿಗೂ ಇದೊಂದೇ ಗತಿ," ಎಂದು ಅವನು ಅದಕ್ಕೂ ಹೆಮ್ಮೆಪಟ್ಟ. ಗೇಟಿಗೆ ತನ್ನ ಏಳು ಲಿವರಿನ ಬೀಗ ಜಡಿದ. ಬಂದ ನೆಂಟರಿಗೆ ಗಿಡವನ್ನು ದೂರದಿಂದ ತೋರಿಸಲಾಗುತ್ತಿತ್ತು. ಅವನ ಅತ್ತೆ, ಪಾಪ, ಒಂದು ಕಡ್ಡಿ ಮುರಿದುಕೊಡಿ ಅಳಿಯಂದಿರೇ, ನಮ್ಮಲ್ಲೂ ನೆಡುತ್ತೇನೆ ಎಂದಾಗ, ಅಳಿಯಂದಿರು ಅವರನ್ನು ಒಂದು ಕ್ಷಣ ನೋಡಿ, ಅವರ ಕೈಚೀಲವನ್ನೂ ಒಂದು ಕ್ಷಣ ನೋಡಿದರು. ಹೆಂಡತಿ ಅದನ್ನು ಇನ್ನೂ ಮರೆತಿರಲಿಲ್ಲ.

ಒಂದು ಬೆಳಿಗ್ಗೆ ಆಕೆ ಬಟ್ಟೆ ಒಣಹಾಕುತ್ತ ಗೋಡೆಯಾಚೆ ನೋಡಿ ಸಹಜವಾಗಿ ಹೇಳಿದಳು: "ರೀ, ಮೇಡಂ ಮನೇಲೂ ನಮ್ಮ ಗಿಡ ಬಂದಿದೆ ನೋಡಿ. ಎಷ್ಟು ಮುದ್ದಾಗಿದೆ."

ಹಲ್ಲುಜ್ಜುತ್ತಿದ್ದ ಬೀಗದಣ್ಣ ಬಾಯಿಯ ನೊರೆ ನುಂಗಿಕೊಂಡು ಓಡಿಬಂದ. ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ ನೋಡಿದ. ಗೋಡೆಯಾಚೆ ಟೈಪಿಂಗ್ ಮೇಡಂ ಅವರ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಮೊಣಕಾಲೆತ್ತರದ ಗಿಡ, ಅದೇ ಎಲೆ, ಅದೇ ಕೆಂಪು ಗೊಂಚಲು ತೂಗಾಡಿಸಿಕೊಂಡು ನಿಂತಿತ್ತು.

ಬೇರೆ ಯಾರಾದರೂ ಆಗಿದ್ದರೆ ಮೊದಲು ಪಕ್ಕದ ಮನೆಯವರನ್ನು ಕೇಳುತ್ತಿದ್ದರು. ಬೀಗದಣ್ಣ ಮೊದಲು ಹೋಗಿದ್ದು ಬೀಗದ ಹತ್ತಿರ. ಗೇಟಿನಿಂದ ಅದನ್ನು ತೆಗೆದು, ಅಂಗಡಿಗೆ ಒಯ್ದು, ಮೇಜಿನ ಮೇಲಿನ ವೈಸಿನ ಇಕ್ಕಳಕ್ಕೆ ಕಚ್ಚಿಸಿ, ಹೊಟ್ಟೆ ಬಿಚ್ಚಿ, ಒಂದೊಂದು ಲಿವರನ್ನೂ ಭೂತಗನ್ನಡಿಯಲ್ಲಿ ನೋಡಿದ. ಒಂದು ಗೀರೂ ಇರಲಿಲ್ಲ. ಕಳ್ಳ ಬೀಗ ಒಡೆದಿದ್ದರೆ ಅವನಿಗೆ ಅರ್ಧ ಸಮಾಧಾನವಾಗುತ್ತಿತ್ತು. ಒಡೆದಿಲ್ಲ ಎಂದರೆ ಯಾರೋ ನಕಲಿ ಕೀ ಮಾಡಿಸಿದ್ದಾರೆ. ಆದರೆ ಈ ಬೀಗಕ್ಕೆ ನಕಲು ಕೊರೆಯಬಲ್ಲವನು ಊರಿನಲ್ಲಿ ತಾನೊಬ್ಬನೇ. ಒಂದು ಗಳಿಗೆ ಬೀಗದಣ್ಣನಿಗೆ ತನ್ನ ಮೇಲೆಯೇ ಅನುಮಾನ ಬಂತು. ಆಮೇಲೆ ತನ್ನ ನಡತೆ ತನಗೆ ಗೊತ್ತಿದ್ದುದರಿಂದ ಆ ಅನುಮಾನವನ್ನು ಕೈಬಿಟ್ಟ.

ಮನೆಗೆ ಬಂದವನು ತನ್ನ ಗಿಡದ ಒಂದು ಎಲೆ ಕಿತ್ತುಕೊಂಡು ನೆಟ್ಟಗೆ ಮೇಡಂ ಅಂಗಳಕ್ಕೆ ಹೋದ. ಆ ಅಂಗಳಕ್ಕೆ ಗೇಟು ಇತ್ತು, ಬೀಗ ಇರಲಿಲ್ಲ. ಮೇಡಂ ತಮ್ಮ ಟೈಪಿಂಗ್ ಶಾಲೆಯನ್ನು ಮುಚ್ಚಿ ಮನೆಯಲ್ಲಿರುವ ಒಂಟಿ ಹೆಂಗಸು. ಅವರ ಮಾತಿನಲ್ಲಿ ಅಕ್ಷರಗಳೆಲ್ಲ ಒಂದೇ ಸಮನಾಗಿ ಬೀಳುತ್ತಿದ್ದವು. ಅವರಿಗೂ ಬೀಗದಣ್ಣನ ಹೆಂಡತಿಗೂ ಸಕ್ಕರೆ, ಸೂಜಿ, ಸುದ್ದಿ ಎಲ್ಲದರ ವ್ಯವಹಾರ ಗೋಡೆಯ ಮೇಲಿಂದಲೇ ನಡೆಯುತ್ತಿತ್ತು.

ಬೀಗದಣ್ಣ ಅಲ್ಲಿನ ಗಿಡದ ಎಲೆಯೊಂದನ್ನು ಕಿತ್ತು, ತನ್ನ ಎಲೆಯ ಮೇಲಿಟ್ಟು, ಬೆಳಕಿಗೆ ಹಿಡಿದ. ನಕಲಿ ಕೀ ಸರಿಯಿದೆಯೇ ಎಂದು ನೋಡುವ ರೀತಿ ಅದು. ಎಲೆಯ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳಿದ್ದವು. ಹಲ್ಲಿಗೆ ಹಲ್ಲು, ಸಂದಿಗೆ ಸಂದಿ ಕೂತಿತು.

"ಕೊರೆದಿರೋದು ಚೆನ್ನಾಗಿದೆ," ಎಂದ. "ಯಾರ ಕೈಲಿ ಮಾಡಿಸಿದ್ರಿ?"

"ಏನನ್ನ?" ಎಂದರು ಮೇಡಂ.

"ಈ ಗಿಡಾನ."

"ಅದನ್ನ ಯಾರೂ ಮಾಡಿಲ್ಲ ಬೀಗದಣ್ಣ. ತಾನಾಗೇ ಬಂತು. ನಾನು ಒಗೆದ ನೀರು ಹರಿದು ಬೆಳೀತು. ನಿಮ್ಮ ಗಿಡದ ಬೇರು ಗೋಡೆ ಕೆಳಗೆ ಬಂದು ಮರಿ ಹಾಕಿರಬೇಕು."

"ಬೇರು ಮರಿ ಹಾಕತ್ತಾ? ಅದೇನು ಬೆಕ್ಕಾ?"

"ಎಷ್ಟೋ ಗಿಡ ಹಾಗೆ ಮಾಡತ್ತೆ."

"ನನ್ನ ಗಿಡ ಮಾಡಲ್ಲ ಮೇಡಂ. ಅದಕ್ಕೆ ಏಳು ಲಿವರಿನ ಬೀಗ ಹಾಕಿದೀನಿ."

"ಸರಿ, ನಿಮಗೆ ಬೇಜಾರಾದ್ರೆ ಈಗಲೇ ಕಿತ್ತುಬಿಡ್ತೀನಿ," ಎಂದು ಮೇಡಂ ಬಗ್ಗಿದರು.

"ಮುಟ್ಟಬೇಡಿ. ಸಾಕ್ಷಿ ನಾಶ ಮಾಡೋ ಹಾಗಿಲ್ಲ. ಕದ್ದವರ ಕೈ ಇನ್ನೊಂದ್ಸಲ ಅದಕ್ಕೆ ತಾಗಬಾರದು."

ಕದ್ದವರು ಎಂಬ ಮಾತು ಬಿದ್ದ ಕೂಡಲೇ ಮೇಡಂ ನೆಟ್ಟಗಾದರು. ಒಳಗೆ ಹೋಗಿ, ಬೀಗದಣ್ಣನ ಮನೆಯ ಕಡೆಗಿದ್ದ ಕಿಟಕಿಯನ್ನು ಮುಚ್ಚಿದರು. ಅದು ಮುಚ್ಚಿದ್ದನ್ನು ಬೀಗದಣ್ಣನ ಹೆಂಡತಿ ಅದೇ ಮೊದಲು ನೋಡಿದ್ದು.

"ನಮ್ಮಮ್ಮನ್ನ ಕಳ್ಳಿ ಥರ ನೋಡಿದ್ರಿ, ಸುಮ್ಮನಿದ್ದೆ," ಎಂದಳು ಆಕೆ. "ಈಗ ಮೇಡಂನ ಬಾಯಿಬಿಟ್ಟು ಅಂದಿದ್ದೀರಿ. ಇನ್ನು ಮೇಲೆ ನಾನು ಯಾರ ಹತ್ರ ಮಾತಾಡಲಿ? ನಿಮ್ಮ ಹತ್ರವಾ?"

ಆ ಯೋಚನೆ ಇಬ್ಬರಿಗೂ ಹಿಡಿಸಲಿಲ್ಲ.

ಇಂಥ ಹೊತ್ತಿನಲ್ಲಿ ಒಳ್ಳೆಯ ಬುದ್ಧಿ ಹೇಳುವವರು ಸಿಕ್ಕಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಸಿಕ್ಕಿದ್ದು ಹೆಂಡತಿಯ ತಮ್ಮ. ಕಾನೂನು ಓದುವುದನ್ನು ನಡುವೆಯೇ ಬಿಟ್ಟಿದ್ದರಿಂದ ನೆಂಟರಲ್ಲಿ ಅವನಿಗೆ ಅರ್ಧ ವಕೀಲ ಎಂದು ಹೆಸರು. ಓದಿದ ಅರ್ಧದಲ್ಲಿ ಜಗಳ ಹೂಡುವುದು ಇತ್ತು. ಮುಗಿಸುವುದು ಓದದೇ ಬಿಟ್ಟ ಅರ್ಧದಲ್ಲಿ ಇತ್ತೆಂದು ಕಾಣುತ್ತದೆ.

"ಬಾವ, ಸುಮ್ಮನಿದ್ರೆ ಒಪ್ಪಿಕೊಂಡ ಹಾಗೆ. ಹಕ್ಕು ಸಾಧಿಸಬೇಕು. ಮೊದಲು ಗಿಡಕ್ಕೆ ಸರಪಳಿ ಹಾಕಿ, ಆಮೇಲೆ ಸ್ಟೇಷನ್ನಿಗೆ ಹೋಗೋಣ."

ತಮ್ಮ ಅಂಗಳದ ಗಿಡದ ಬುಡಕ್ಕೆ ಸರಪಳಿ ಸುತ್ತಿ, ಇನ್ನೊಂದು ಬೀಗ ಜಡಿದು, ಬಾವ ಬಾಮೈದ ಇಬ್ಬರೂ ಸ್ಟೇಷನ್ನಿಗೆ ಹೋದರು. ಅಲ್ಲಿ ದಫೇದಾರರು ಲೋಟದ ಚಹಾವನ್ನು ಆರಿಸುತ್ತ ಕೂತಿದ್ದರು.

"ಏನು ಕಳುವಾಗಿದೆ?"

"ಗಿಡ ಸಾರ್."

"ಎಲ್ಲಿತ್ತು?"

"ನಮ್ಮ ಅಂಗಳದಲ್ಲಿ."

"ಈಗ ಎಲ್ಲಿದೆ?"

"ನಮ್ಮ ಅಂಗಳದಲ್ಲೇ ಇದೆ."

ದಫೇದಾರರು ಲೋಟ ಕೆಳಗಿಟ್ಟರು. "ಇರೋ ವಸ್ತು ಇರೋ ಜಾಗದಲ್ಲೇ ಇದ್ರೆ ಕಳುವಾಗಿರೋದು ಏನು?"

"ಅದರ ನಕಲು ಸಾರ್."

"ನಕಲು ನಿಮ್ಮ ಹತ್ರ ಇತ್ತಾ?"

"ಇರಲಿಲ್ಲ. ಅದಕ್ಕೇ ನನ್ನ ಹೊಟ್ಟೆ ಉರೀತಿರೋದು. ನಂಗೇ ಇಲ್ಲದ ನಕಲು ಅವರಿಗೆ ಹೇಗೆ ಬಂತು?"

ಇಲ್ಲದಿದ್ದ ವಸ್ತು ಕಳುವಾದ ದೂರನ್ನು ದಫೇದಾರರು ತಮ್ಮ ಸೇವಾವಧಿಯಲ್ಲಿ ಕೇಳಿರಲಿಲ್ಲ. ಹೇಗಾದರೂ ಸಾಗಹಾಕೋಣವೆಂದು ಅವರು ಬಾಯಿ ತೆರೆಯುವಷ್ಟರಲ್ಲಿ ಬೀಗದಣ್ಣನ ಕಣ್ಣು ಕಿಟಕಿಯಾಚೆ ಹೋಯಿತು. ಸ್ಟೇಷನ್ನಿನ ನೀರಿನ ತೊಟ್ಟಿಯ ಬಿರುಕಿನಲ್ಲಿ ಒಂದು ಗಿಡ ಬೆಳೆದು ನಿಂತಿತ್ತು. ಆಕಾರ ಅದೇ, ಹೂ ಮಾತ್ರ ತಿಳಿಗುಲಾಬಿ. ಅವನು ಹೊರಗೆ ಓಡಿಹೋಗಿ ಎಲೆ ಕಿತ್ತು ತಂದು, ಜೇಬಿನಲ್ಲಿದ್ದ ಎಲೆಯ ಮೇಲಿಟ್ಟು ಬೆಳಕಿಗೆ ಹಿಡಿದ. ಇಲ್ಲಿ ಹಲ್ಲುಗಳು ಅಷ್ಟು ಸರಿಯಾಗಿ ಕೂರಲಿಲ್ಲ. ಕೆಲವು ಉದ್ದ, ಕೆಲವು ಮೊಂಡು.

"ಇದು ಯಾರೋ ಕಲಿಯೋನು ಕೊರೆದಿದ್ದು," ಎಂದು ತೀರ್ಪು ಕೊಟ್ಟ. "ಅಸಲು ಮಾತ್ರ ನಂದೇ. ಸಾರ್, ಪೊಲೀಸಿನೋರೂ ಇದರಲ್ಲಿದ್ದೀರಾ?"

ದಫೇದಾರರ ಮುಖ ಗಂಟಾಯಿತು. "ಏನಯ್ಯಾ, ನಾಲಿಗೆ ಹಿಡಿದು ಮಾತಾಡು. ಅದು ತಾನಾಗೇ ಹುಟ್ಟಿದ್ದು. ಹಕ್ಕಿ ಹಣ್ಣು ತಿಂದು ಬೀಜ ಹಾಕಿರತ್ತೆ."

"ಮೇಡಂ ಬೇರು ಅಂತಾರೆ, ನೀವು ಹಕ್ಕಿ ಅಂತೀರಿ. ಮೊದಲು ನೀವೆಲ್ಲ ಕೂತು ಒಂದು ಮಾತಿಗೆ ಬನ್ನಿ."

ಇದುವರೆಗೂ ತಾಳ್ಮೆಯಿಂದಿದ್ದ ದಫೇದಾರರು ಪೆನ್ನು ತೆಗೆದರು. ಸಿಟ್ಟು ಬಂದ ಅಧಿಕಾರಿ ಬೈದರೆ ಭಯವಿಲ್ಲ, ಬರೆಯತೊಡಗಿದರೆ ಹೆದರಬೇಕು. ಬೀಗದಣ್ಣನಿಗೆ ಅದು ಗೊತ್ತಿರಲಿಲ್ಲ. ಅರ್ಧ ವಕೀಲ ಪಕ್ಕದಿಂದ ತಿವಿಯುತ್ತಿದ್ದ.

"ಹಾಗಾದ್ರೆ ಸರಿಯಾಗಿ ಹೇಳು. ಮೇಡಂ ಮನೆ ಗಿಡ ನಿಂದು?"

"ನಂದು."

"ಈ ತೊಟ್ಟಿ ಗಿಡ?"

"ನಂದು. ಈ ಊರಲ್ಲಿ ಈ ಜಾತಿ ಗಿಡ ಎಲ್ಲೇ ಇರಲಿ, ಎಷ್ಟೇ ಇರಲಿ, ಎಲೆ ಎಲೇನೂ ನಂದು. ಬೇರೆ ಯಾರಿಗೂ ಹಕ್ಕಿಲ್ಲ. ಬರ್ಕೊಳ್ಳಿ."

ದಫೇದಾರರು ಸಂತೋಷದಿಂದ ಬರೆದುಕೊಂಡರು. ಬೀಗದಣ್ಣ ಗೆದ್ದವನಂತೆ ಸಹಿ ಹಾಕಿ ಮನೆಗೆ ಬಂದ.

ಗೆಲುವು ಸಂಜೆಯವರೆಗೂ ಉಳಿಯಲಿಲ್ಲ. ಆಸ್ಪತ್ರೆಯ ಕಂಟ್ರಾಕ್ಟರು ತಾವೇ ಅಂಗಡಿಯ ಮುಂದೆ ಬಂದು ನಿಂತು, ತಲೆಯೆತ್ತಿ ಬೋರ್ಡನ್ನು ಓದಿದರು. ಅವರು ಅದನ್ನು ಇಷ್ಟು ನಿಧಾನವಾಗಿ ಓದಿದ್ದು ಬೀಗದಣ್ಣನಿಗೆ ಚೆನ್ನಾಗಿ ಕಾಣಲಿಲ್ಲ.

"ಏನಪ್ಪಾ, ನಿನ್ನ ಮನೆಯಲ್ಲೇ ಕಳುವಂತೆ. ನೀನೇ ಬೀಗ ಹಾಕಿದ್ದೆಯಂತೆ. ಬೀಗ ಇದ್ದ ಹಾಗೇ ಇದೆಯಂತೆ, ಮಾಲು ಆಚೆ ಹೋಗಿದೆಯಂತೆ."

"ಸಾರ್, ಬೀಗದ್ದು ಏನೂ ತಪ್ಪಿಲ್ಲ."

"ಹಾಗಿದ್ರೆ ಕಳುವಾಗಿಲ್ಲ ಅನ್ನು. ಕಳುವಾಗಿದೆ ಅನ್ನೋದಾದ್ರೆ ಬೀಗದ್ದು ತಪ್ಪಿದೆ ಅನ್ನು. ಎರಡೂ ನೀನೇ ಇಟ್ಕೋತೀನಿ ಅಂದ್ರೆ ನನ್ನ ಆಸ್ಪತ್ರೆಯ ಔಷಧಿ ಕೋಣೆ ಏನಾಗಬೇಕು? ಯೋಚನೆ ಮಾಡಿ ಹೇಳು. ಬೇರೆಯವರೂ ಕೇಳ್ತಿದ್ದಾರೆ."

ಬೀಗದಣ್ಣ ಯೋಚನೆ ಮಾಡಿದ. ಅದೇ ಅನಾಹುತವಾಯಿತು. ಬೀಗ ಗಟ್ಟಿ, ಗೇಟು ಗಟ್ಟಿ, ಗೋಡೆ ಎತ್ತರ. ಹಾಗಾದರೆ ಕಳ್ಳರು ನೆಲದೊಳಗಿಂದ ಬಂದಿರಬೇಕು. ಸುರಂಗ. ಸುರಂಗ ಸಿಕ್ಕಿಬಿಟ್ಟರೆ ಕಳ್ಳತನವೂ ನಿಜ, ಬೀಗವೂ ನಿರಪರಾಧಿ. ಮರುದಿನ ಬೆಳಿಗ್ಗೆ ಅವನು ಮೊದಲು ಮಾಡಿದ ಕೆಲಸ, ತನ್ನ ಗಿಡದ ಸರಪಳಿಯ ಬೀಗ ತೆಗೆದು, ಗಿಡವನ್ನು ನೆಲದ ಮಟ್ಟಕ್ಕೆ ಕಡಿದುಹಾಕಿದ್ದು. "ಅಸಲೇ ಇಲ್ಲದ ಮೇಲೆ ಇನ್ನು ಹೇಗೆ ನಕಲು ತೆಗೀತಾರೆ ನೋಡೇಬಿಡ್ತೀನಿ," ಎಂದ. ಕಡಿಯುವಾಗ ಅವನ ಕಣ್ಣಿನಲ್ಲಿ ನೀರಿತ್ತು, ಅದನ್ನೂ ಸಿಟ್ಟಿನಿಂದಲೇ ಒರೆಸಿಕೊಂಡ. ಎರಡನೆಯ ಕೆಲಸ, ಹಾರೆ ಹಿಡಿದು ಗೋಡೆಯ ಬುಡದುದ್ದಕ್ಕೂ ಸುರಂಗ ಹುಡುಕತೊಡಗಿದ್ದು.

ವಾರಗಟ್ಟಲೆ, ಅಂಗಡಿಗೆ ಹೋಗುವ ಮೊದಲು ಒಂದಷ್ಟು, ಬಂದ ಮೇಲೆ ಒಂದಷ್ಟು ಅಗೆದ. ಸುರಂಗ ಸಿಗಲಿಲ್ಲ. ಈ ಮಧ್ಯೆ ತಾಯಿಗಿಡದ ತಲೆ ಹೋದ ಸುದ್ದಿ ನೆಲದೊಳಗೆ ಎಲ್ಲ ಕಡೆಗೂ ತಲುಪಿರಬೇಕು. ಮೊದಲು ಬಚ್ಚಲುಮನೆಯ ಹಿಂದೆ ಒಂದು ಕೆಂಪು ಚಿಗುರು ಎದ್ದಿತು. ಆಮೇಲೆ ಗೇಟಿನ ಕಂಬದ ಬಳಿ, ಚರಂಡಿಯ ಚಪ್ಪಡಿಯ ಸಂದಿನಲ್ಲಿ, ಬೀದಿಯ ಕಾಲುದಾರಿಯ ಕಲ್ಲುಗಳ ನಡುವೆ ಚಿಗುರುಗಳು ಇಣುಕಿದವು. ಅರ್ಧ ವಕೀಲ ಸ್ಕೂಟರು ನಿಲ್ಲಿಸುವ ಜಾಗದಲ್ಲೂ ಒಂದು ಎದ್ದು, ಸ್ಟ್ಯಾಂಡಿಗೆ ಅಡ್ಡವಾಗಿ, ಸ್ಕೂಟರು ಅವನ ಕಾಲ ಮೇಲೆ ಮಲಗಿತು. ಮೇಡಂ ಅಂಗಳದ ಮರಿಯಂತೂ ಆಳೆತ್ತರವಾಯಿತು. ಬೀಗದಣ್ಣ ಬೆಳಿಗ್ಗೆದ್ದು ಕಂಡದ್ದನ್ನೆಲ್ಲ ಕಡಿದ. ಒಂದು ಕಡಿದ ಕಡೆ ನಾಲ್ಕು ಎದ್ದವು. ಇಷ್ಟು ಅವಿಧೇಯ ವಸ್ತುವನ್ನು ಅವನು ಎಂದೂ ಕಂಡಿರಲಿಲ್ಲ. ತುಕ್ಕು ಹಿಡಿದ ಬೀಗ ಕೂಡ ಎಣ್ಣೆ ಬಿಟ್ಟರೆ ಮಾತು ಕೇಳುತ್ತದೆ.

ಕಾಲುದಾರಿಯ ಕಲ್ಲು ಎದ್ದು ಯಾರೋ ಎಡವಿದರು, ನಗರಸಭೆಗೆ ದೂರು ಹೋಯಿತು, ತೋಟದ ವಿಭಾಗದ ಸಾಹೇಬರು ಬಂದರು. ಜೊತೆಗೆ ಆ ಹೇಳಿಕೆಯನ್ನು ಹಿಡಿದುಕೊಂಡು ದಫೇದಾರರೂ ನಗುನಗುತ್ತ ಬಂದರು. ಇಷ್ಟು ಜನ ಸೇರಿರುವುದನ್ನು ಕಂಡು, ಆಸ್ಪತ್ರೆ ಕಡೆ ಹೊರಟಿದ್ದ ಕಂಟ್ರಾಕ್ಟರೂ ಗಾಡಿ ನಿಲ್ಲಿಸಿದರು. ಬೀಗದಣ್ಣ ಗೋಡೆಯ ಬುಡದ ಹಳ್ಳದಲ್ಲಿ ಎದೆಮಟ್ಟ ಇಳಿದಿದ್ದ.

"ಈ ಊರಿನ ಈ ಜಾತಿ ಗಿಡವೆಲ್ಲ ನಿಮ್ಮದೇ ಅಂತ ಹೇಳಿಕೆ ಕೊಟ್ಟಿದ್ದೀರಿ," ಎಂದರು ಸಾಹೇಬರು. ತುಂಬ ಸೌಜನ್ಯದ ಮನುಷ್ಯ. "ಬಹಳ ಒಳ್ಳೇದಾಯ್ತು. ಇದುವರೆಗೂ ಇವಕ್ಕೆ ವಾರಸುದಾರರೇ ಇರಲಿಲ್ಲ. ಈ ಕಾಲುದಾರಿ ಯಾವಾಗ ಸರಿ ಮಾಡಿಸ್ತೀರಿ?"

"ಚರಂಡೀನೂ ಇದೆ," ಎಂದರು ದಫೇದಾರರು. "ನಮ್ಮ ನೀರಿನ ತೊಟ್ಟೀನೂ ಒಡೆದಿದೆ."

"ಪಾರ್ಕಿನ ಬೇಲಿ ಬೇರೆ," ಎಂದರು ಸಾಹೇಬರು. "ಪಾರ್ಕಿನ ಹಿಂದೆ ಇದರದ್ದೇ ದೊಡ್ಡ ಬೇಲಿ ಇದೆ, ತುಂಬ ಹಳೇದು. ಅದೂ ನಿಮ್ಮದೇ ಅಂತ ಗೊತ್ತಿರಲಿಲ್ಲ. ಅಲ್ಲಿ ಒಂದು ಇಡೀ ಗೋಡೆ ಎತ್ತಿಹಾಕಿದೆ."

ಬೀಗದಣ್ಣನ ಕೈಯಿಂದ ಹಾರೆ ಜಾರಿತು. "ಪಾರ್ಕಲ್ಲಿ ಇದೆಯಾ? ಇದು ಊರಿಗೇ ಒಂದು ಅಂತ ಗಾಡಿಯವನು ಹೇಳಿದ್ದ."

"ಅವನೇ ನಮ್ಮ ಬೇಲಿ ಬುಡದಿಂದ ಮರಿ ಕಿತ್ತು ಮನೆಮನೆಗೂ ಮಾರ್ತಿದ್ದ. ಒಂದು ಮರಿ ಕಿತ್ರೆ ಅಲ್ಲಿ ಇನ್ನೆರಡು ಬರತ್ತಲ್ಲ, ಅವನಿಗೆ ಬಂಡವಾಳವೇ ಬೇಕಿರಲಿಲ್ಲ."

"ಹಾಗಾದ್ರೆ ಕಳವು ಮಾಲು ಇದ್ದದ್ದು ಯಾರ ಮನೇಲಿ?" ಎಂದು ದಫೇದಾರರು ಮೃದುವಾಗಿ ಕೇಳಿದರು. ಅರ್ಧ ವಕೀಲ ಸ್ಕೂಟರಿಗೆ ಗಾಳಿ ಕಡಿಮೆಯಾಗಿದೆ ಎಂದು ಹೇಳಿ ಅಲ್ಲಿಂದ ಹೊರಟ.

ಬೀಗದಣ್ಣ ಹಳ್ಳದಲ್ಲಿ ಬಗ್ಗಿ, ಬೆರಳು ದಪ್ಪದ ಒಂದು ಬೇರನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ಅದು ಕಡಿದ ಗಿಡದ ಬುಡದಿಂದ ಹೊರಟು, ದಾರ ಹಿಡಿದಷ್ಟು ನೆಟ್ಟಗೆ ಗೋಡೆಯ ಕೆಳಗೆ ನುಗ್ಗಿತ್ತು. ಇಷ್ಟು ದಿನವೂ ಅವನು ಅದನ್ನು ಅಡ್ಡಿ ಎಂದು ಪಕ್ಕಕ್ಕೆ ಸರಿಸಿ ಸುರಂಗ ಹುಡುಕುತ್ತಿದ್ದ.

"ಸಾರ್, ನೋಡಿ. ಇದು ನಾನಲ್ಲ, ಬೇರು. ಬೇರು ನೆಲದೊಳಗೆ ಓಡತ್ತೆ, ಎಲ್ಲಿ ಮನಸ್ಸು ಬರತ್ತೋ ಅಲ್ಲಿ ಮರಿ ಹಾಕತ್ತೆ. ಮೇಲೆ ಕಡಿದ್ರೆ ಇನ್ನೂ ಜಾಸ್ತಿ ಹಾಕತ್ತೆ. ಇದಕ್ಕೆ ನಾನು ಹೇಗೆ ಜವಾಬ್ದಾರಿ? ಇದಕ್ಕೇನು ಗೇಟಾ, ಬೀಗವಾ?"

ಗೋಡೆಯಾಚೆಯಿಂದ ಸಮನಾದ ದನಿಯೊಂದು ಬಂತು. "ಬೇರು ಮರಿ ಹಾಕತ್ತಾ? ಅದೇನು ಬೆಕ್ಕಾ?"

ಯಾರೂ ನಗಲಿಲ್ಲ. ಬೀಗದಣ್ಣನ ಹೆಂಡತಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ಮತ್ತೆ ಸ್ಟೇಷನ್ನಿನ ಗಿಡ?" ಎಂದರು ದಫೇದಾರರು. "ಬೇರು ಅಷ್ಟು ದೂರ ಬರತ್ತಾ?"

"ಅದು ಹಕ್ಕಿ ಸಾರ್," ಎಂದು ಬೀಗದಣ್ಣ ಹಲ್ಲು ಕಚ್ಚಿಕೊಂಡು ಹೇಳಿದ. ಹೇಳುವಾಗ ತನ್ನ ಅಂಗಳದಲ್ಲಿ ಹಣ್ಣು ತಿಂದ ಹಕ್ಕಿಗಳ ನೆನಪಾಗಿ ಮೈಯೆಲ್ಲ ಉರಿಯಿತು.

"ಇವರು ಹೇಳೋದು ಸರಿ," ಎಂದರು ಸಾಹೇಬರು. "ಬೇರಿನಿಂದ ಬಂದಿದ್ದು ತಾಯಿಗೆ ತದ್ರೂಪು. ಬೀಜದಿಂದ ಬಂದಿದ್ದು ಮಕ್ಕಳ ಹಾಗೆ, ಹೋಲಿಕೆ ಇರತ್ತೆ, ಆದ್ರೆ ಬೇರೆ. ಹೂವಿನ ಬಣ್ಣ, ಎಲೆಯ ಹಲ್ಲು, ಏನಾದ್ರೂ ಒಂದು ತಪ್ಪತ್ತೆ. ಹಾಗಾಗಿ ನಿಮ್ಮದು, ಮೇಡಂ ಅವರದು, ಪಾರ್ಕಿನದು ಎಲ್ಲ ಒಂದೇ ಗಿಡ ಅನ್ನಬೇಕು, ನೆಲದ ಮೇಲೆ ಬೇರೆ ಬೇರೆ ಕಾಣತ್ತೆ ಅಷ್ಟೆ."

"ಒಂದೇ ಗಿಡ. ಹಾಗಾದ್ರೆ ಅಸಲು ಯಾವುದು ಸಾರ್?" ಎಂದ ಬೀಗದಣ್ಣ. ಅವನ ಇಡೀ ವೃತ್ತಿಯೇ ಆ ಪ್ರಶ್ನೆಯ ಮೇಲೆ ನಿಂತಿತ್ತು.

"ಅಸಲು ಅನ್ನೋದೇ ಇಲ್ಲ."

ಇದು ಸಹಿಸುವ ಮಾತಾಗಿರಲಿಲ್ಲ. "ಅದು ಹೇಗೆ ಇಲ್ಲ? ನಾನು ನೆಟ್ಟಿದ್ದು, ನಾನು ನೀರು ಹಾಕಿದ್ದು, ಇದು ನನ್ನ ಜಾಗ, ಇದು ನನ್ನ ಗೋಡೆ," ಎನ್ನುತ್ತ ಬೀಗದಣ್ಣ ಗೋಡೆಗೆ ಅಂಗೈಯಿಂದ ಒಂದು ಏಟು ಕೊಟ್ಟ.

ಬುಡದ ಮಣ್ಣನ್ನೆಲ್ಲ ಕಳೆದುಕೊಂಡು ಮರ್ಯಾದೆಗಾಗಿ ಮಾತ್ರ ನಿಂತಿದ್ದ ಆ ಗೋಡೆ ಒಂದು ಕ್ಷಣ ಯೋಚಿಸಿತು. ಆಮೇಲೆ ಯಾವ ಅವಸರವೂ ಇಲ್ಲದೆ ಮೇಡಂ ಅಂಗಳದ ಕಡೆಗೆ ವಾಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಉದ್ದಕ್ಕೂ ಮಲಗಿತು. ಧೂಳು ಇಳಿದಾಗ, ಮೇಡಂ ಒಂದು ಮಾರು ದೂರದಲ್ಲಿ, ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ ಆಳೆತ್ತರದ ಆ ಗಿಡ, ಒಂದು ಎಲೆಯೂ ಮುರಿಯದೆ, ಹೂ ತೂಗಾಡಿಸುತ್ತಿತ್ತು.

ಮೊದಲು ಮಾತಾಡಿದವರು ದಫೇದಾರರು. "ಹೇಳಿಕೆ ವಾಪಸ್ ತಗೋತೀಯೋ, ಇಲ್ಲ ಕಾಲುದಾರಿ, ಚರಂಡಿ, ತೊಟ್ಟಿ, ಪಾರ್ಕು ಎಲ್ಲ ಸರಿ ಮಾಡಿಸ್ತೀಯೋ? ವಾಪಸ್ ತಗೋಳೋದಾದ್ರೆ ಯಾರ ಮೇಲೆ ಹೇಳಿದ್ದೆಯೋ ಅವರ ಮುಂದೆ ಹೇಳು."

ಬೀಗದಣ್ಣ ಹಳ್ಳದಿಂದ ಮೇಲೆ ಬಂದ. ಮೈತುಂಬ ಮಣ್ಣು, ಕೈಯಲ್ಲಿ ಇನ್ನೂ ಬೇರು. ಒಂದು ಕಡೆ ಕಂಟ್ರಾಕ್ಟರು ಎರಡೂ ಕೈ ಕಟ್ಟಿ ನೋಡುತ್ತಿದ್ದರು, ಇನ್ನೊಂದು ಕಡೆ ಬಾಗಿಲಲ್ಲಿ ಹೆಂಡತಿ. ಬಿದ್ದ ಇಟ್ಟಿಗೆಗಳ ಮೇಲೆ ನಡೆದು ಮೇಡಂ ಎದುರಿಗೆ ಹೋಗಿ ನಿಂತ.

"ಮೇಡಂ, ನೀವು ಕದ್ದಿಲ್ಲ," ಎಂದ. ದನಿ ಬೈಯುವಂತೆಯೇ ಇತ್ತು. "ಯಾರೂ ಕದ್ದಿಲ್ಲ. ನನ್ನ ಬೀಗ ಯಾರೂ ತೆಗೆದಿಲ್ಲ. ತಪ್ಪು ನಿಮ್ಮದಲ್ಲ. ಪೂರ್ತಿ ನಂದೂ ಅಲ್ಲ, ಅರ್ಧ ಬೇರಿಂದು. ಆದ್ರೆ ಬೇರು ಬಂದು ಕ್ಷಮಿಸಿ ಅನ್ನಲ್ಲ, ಅದಕ್ಕೇ ನಾನು ಬಂದಿದ್ದೀನಿ."

ಮೇಡಂ ಕೈಲಿದ್ದ ಬಟ್ಟೆಯನ್ನು ಹಿಂಡಿ, ಕೊಡವಿ, ಮಡಿಸಿಕೊಂಡರು. "ನಾನು ಈ ಮನೆಗೆ ಬಂದಾಗಿಂದ ಗೇಟಿಗೆ ಬೀಗ ಹಾಕಿದವಳಲ್ಲ, ಬೀಗದಣ್ಣ. ಪಕ್ಕದಲ್ಲಿ ನೀವಿದ್ದೀರಿ ಅನ್ನೋ ಧೈರ್ಯ. ಕಳ್ಳಿ ಅನ್ನಿಸಿಕೊಂಡ ಮೇಲೆ ನನಗೆ ಬಹಳ ನೋವಾಯ್ತು. ಪೇಟೆಗೆ ಹೋಗಿ ಒಂದು ಬೀಗ ತಂದು ಹಾಕಿದೆ. ನಿಮ್ಮ ಅಂಗಡಿಯಿಂದ ಅಲ್ಲ."

ಬೀಗದಣ್ಣ ತಿರುಗಿ ಅವರ ಗೇಟನ್ನು ನೋಡಿದ. ಅಲ್ಲಿ ಹಳದಿ ಬಣ್ಣದ, ಮಕ್ಕಳ ಪೆಟ್ಟಿಗೆಗೆ ಹಾಕುವಂಥ ಸಣ್ಣ ಬೀಗವೊಂದು ತೂಗುತ್ತಿತ್ತು. ಕಾಲುದಾರಿ, ಚರಂಡಿ, ತೊಟ್ಟಿ, ಬಿದ್ದ ಗೋಡೆ ಯಾವುದಕ್ಕೂ ಆಗದಷ್ಟು ನೋವು ಅವನ ಮುಖದಲ್ಲಿ ಕಂಡಿತು. ತಾನು ಆಡಿದ ಮಾತು ಎಷ್ಟು ಕೆಟ್ಟದ್ದೆಂದು ಅವನಿಗೆ ಅರ್ಥವಾದದ್ದು ಆಗಲೇ.

"ಅದನ್ನ ಬೀಗ ಅಂತ ಕೊಟ್ರಾ ನಿಮಗೆ?" ಎಂದ. "ಅದು ಹೇರ್‌ಪಿನ್ನಿಗೆ ತೆಗೆಯತ್ತೆ ಮೇಡಂ. ಇಷ್ಟು ದಿನ ಅದನ್ನ ನಂಬಿಕೊಂಡು ಮಲಗಿದ್ರಾ?" ಜೇಬಿನಿಂದ ಒಂದು ತಂತಿ ತೆಗೆದು, ಗೇಟಿನ ಬಳಿ ಹೋಗಿ, ಎಲ್ಲರೂ ನೋಡುತ್ತಿದ್ದಂತೆ ಅದನ್ನು ಒಂದೇ ಸಲಕ್ಕೆ ತೆಗೆದು ಚರಂಡಿಗೆ ಎಸೆದ.

"ಸರಿಯಪ್ಪಾ," ಎಂದರು ಕಂಟ್ರಾಕ್ಟರು. "ನಿನ್ನ ಬೀಗ ಗಟ್ಟಿ ಅಂತಾಯ್ತು. ಬೇರೆಯವರದ್ದು ಹೇಗಿರತ್ತೆ ಅಂತಾನೂ ನೋಡಿದೆ. ನಾಳೆ ಬಂದು ಬಾಗಿಲು ನೋಡಿಕೊಂಡು ಹೋಗು. ಹಾರೆ ತರಬೇಡ."

ಹೇಳಿಕೆ ವಾಪಸಾಯಿತು. ಕಾಲುದಾರಿಯ ಕಲ್ಲುಗಳನ್ನು ಬೀಗದಣ್ಣ ಹೇಗೂ ಮಣ್ಣು ಮೆತ್ತಿಕೊಂಡವನೇ ಆದ್ದರಿಂದ ತಾನೇ ಕೂರಿಸಿಕೊಟ್ಟ. ಗಿಡವನ್ನು ಬೇರುಸಮೇತ ಕೀಳುವ ಮಾತು ಬಂದಾಗ ಸಾಹೇಬರು ನಕ್ಕು, ಮಣ್ಣಲ್ಲಿ ಒಂದು ತುಂಡು ಉಳಿದರೂ ಸಾಕು, ಆಗಾಗ ಸವರುತ್ತಿರಿ ಎಂದು ಹೇಳಿ ಹೋದರು. ಅತ್ತೆಯವರಿಗೆ ಒಂದು ಕಡ್ಡಿಗೆ ಬದಲಾಗಿ ಮೂಟೆ ತುಂಬ ಮರಿಗಳು ಹೋದವು. ಈಗ ಅವರ ಬೀದಿಯವರು ಬೀಗದಣ್ಣನ ಮೇಲೆ ಸಿಟ್ಟಾಗಿದ್ದಾರೆ.

ಗೋಡೆಯನ್ನು ಮತ್ತೆ ಎತ್ತಬೇಕಾದಾಗ ಅವನ ಹೆಂಡತಿ, ನಡುವೆ ಓಡಾಡಲು ಒಂದು ಗೇಟು ಇಡದಿದ್ದರೆ ಇಟ್ಟಿಗೆ ಮುಟ್ಟಬೇಡಿ ಎಂದಳು. ಗೇಟು ಎಂದ ಮೇಲೆ ಬೀಗದಣ್ಣನಿಗೆ ಕೆಲಸ ಬಂತು. ಅಂಗಡಿಯಲ್ಲಿ ಕೂತು, ಮಷೀನಿಗೆ ಹಾಕದೆ, ಅರದಿಂದ ಕೈಯಲ್ಲೇ ಉಜ್ಜಿ ಏಳು ಲಿವರಿನ ಬೀಗಕ್ಕೆ ಎರಡು ಬೀಗದಕೈ ಮಾಡಿದ. ಒಂದನ್ನು ಮೇಡಂ ಕೈಯಲ್ಲಿಟ್ಟ. ಅವರು ಅದನ್ನು ಅವನ ಕೈಲಿದ್ದುದರ ಮೇಲಿಟ್ಟು, ಅವನು ಎಲೆ ನೋಡಿದಂತೆಯೇ ಬೆಳಕಿಗೆ ಹಿಡಿದು ನೋಡಿದರು.

"ನಂದು ನಕಲಾ?" ಎಂದು ಕೇಳಿದರು.

"ನಕಲು ಗಿಕಲು ಅನ್ನಬೇಡಿ ಮೇಡಂ," ಎಂದು ಬೀಗದಣ್ಣ ಸಿಡುಕಿದ. "ಎರಡೂ ಅಸಲೇ."

ಗಾರೆಯವನು ಗೇಟಿನ ಕಂಬಗಳನ್ನು ನಿಲ್ಲಿಸಿ, ಗೇಟು ಕೂರಿಸಿ, ಗೋಡೆಯನ್ನು ಮುಂದಿನ ವಾರ ಎತ್ತುತ್ತೇನೆಂದು ಹೇಳಿಹೋದವನು ಇನ್ನೂ ಬಂದಿಲ್ಲ. ಹಾಗಾಗಿ ಈಗ ಎರಡು ಅಂಗಳಗಳ ನಡುವೆ ಗೋಡೆಯಿಲ್ಲದ ಗೇಟೊಂದು ಬೀಗ ಹಾಕಿಕೊಂಡು ನಿಂತಿದೆ. ಹೆಂಡತಿ, ಮೇಡಂ, ಬೀದಿಯ ನಾಯಿ ಎಲ್ಲರೂ ಅದರ ಪಕ್ಕದಿಂದ ಓಡಾಡುತ್ತಾರೆ. ಬೀಗದಣ್ಣ ಮಾತ್ರ ಜೇಬಿನಿಂದ ಬೀಗದಕೈ ತೆಗೆದು, ಗೇಟು ತೆರೆದು, ಆಚೆ ದಾಟಿ, ತಿರುಗಿ ಬೀಗ ಹಾಕಿ, ಎಳೆದು ನೋಡಿಯೇ ಮುಂದೆ ಹೋಗುತ್ತಾನೆ. ಗೇಟಿನ ಕೆಳಗೆ, ಸರಿಯಾಗಿ ಬೀಗದ ನೇರಕ್ಕೆ, ಕೆಂಪು ಚಿಗುರೊಂದು ಎದ್ದಿದೆ. ಅವನು ಅದನ್ನು ದಿನವೂ ಕೆಕ್ಕರಿಸಿ ನೋಡುತ್ತಾನೆ, ದಾಟಿಕೊಂಡು ಹೋಗುತ್ತಾನೆ, ಇನ್ನೂ ಕಿತ್ತಿಲ್ಲ.